ಸೈನಿಕರ ‘ಡಿಸೆಬಿಲಿಟಿ ಪೆನ್ಶನ್’: ಕನ್ನಡದಲ್ಲಿ ಯಾವ ಪದ?

ಮಾನ್ಯರೆ,

ಸೇನೆಯಿಂದ ಸದ್ಯದಲ್ಲೇ ನಿವೃತ್ತರಾಗಲಿರುವವರ ಮನೆಮಂದಿ ಓದಿ ತಿಳಿದುಕೊಳ್ಳುವಂಥ ಕಿರುಹೊತ್ತಿಗೆಯೊಂದನ್ನು ಸಿದ್ಧಪಡಿಸುತ್ತಿದ್ದೇನೆ. ಅದರಲ್ಲಿ ನನ್ನನ್ನು ತಡೆದು ನಿಲ್ಲಿಸಿರುವ ಕೆಲವು ಪದಗಳ ಬಗ್ಗೆ ತಮ್ಮ ಅಭಿಪ್ರಾಯ ಬೇಕಾಗಿದೆ.

ಸೇವೆಯ ಕಾರಣದಿಂದ ಆರೋಗ್ಯ ಕೆಟ್ಟ ಸೈನಿಕರಿಗೆ ಕೊಡುವ ‘ಡಿಸೆಬಿಲಿಟಿ ಪೆನ್ಶನ್’ ಎಂಬುದನ್ನು ‘ಅಂಗವಿಕಲ ಪಿಂಚಣಿ’ ಎಂದು ಬರೆಯುವ ರೂಢಿಯಿದೆ. ಆದರೆ ನಮ್ಮ ಹಳ್ಳಿಗಳಲ್ಲಿ ಈ ಮಾತು ಕೇಳಿದವರಿಗೆ ನೆನಪಾಗುವುದು ನಾಡಕಚೇರಿಯಲ್ಲಿ ಅರ್ಜಿ ಹಾಕಿ ಪಡೆಯುವ ರಾಜ್ಯ ಸರ್ಕಾರದ ಮಾಸಾಶನ. ಅದಕ್ಕಿಂತ ದೊಡ್ಡ ತೊಡಕೆಂದರೆ, ಫಿರಂಗಿದಳದಲ್ಲಿ ದುಡಿದು ಕಿವಿ ಮಂದವಾದವರಾಗಲಿ, ಎತ್ತರದ ಗಡಿಠಾಣೆಗಳಲ್ಲಿದ್ದು ರಕ್ತದೊತ್ತಡಕ್ಕೆ ಗುರಿಯಾದವರಾಗಲಿ ತಮ್ಮನ್ನು ಅಂಗವಿಕಲರೆಂದು ಎಣಿಸುವುದೇ ಇಲ್ಲ. ‘ಕೈಕಾಲು ಗಟ್ಟಿಯಾಗಿರುವಾಗ ಆ ಪಿಂಚಣಿ ನನಗೇಕೆ ಸರ್?’ ಎಂದು ಹವಾಲ್ದಾರರೊಬ್ಬರು ನನ್ನನ್ನೇ ಕೇಳಿದ್ದುಂಟು. ಅವರು ಕೇಳಬೇಕಾದ ಹಕ್ಕನ್ನು ಪದವೇ ಮರೆಮಾಡುವುದು ನನಗೆ ಸಹಿಸಲಾಗದ ಸಂಗತಿ. ‘ಆರೋಗ್ಯಹಾನಿ ಪಿಂಚಣಿ’ ಎಂದರೆ ಕಿವಿ, ಕಣ್ಣು, ಹೃದಯ, ಮನಸ್ಸು ಎಲ್ಲವೂ ಅದರೊಳಗೆ ಬರುತ್ತವೆಂದು ನನ್ನ ಅನಿಸಿಕೆ.

ಇನ್ನೂ ಸೂಕ್ಷ್ಮವಾದದ್ದು, ಕಾಯಿಲೆಗೆ ಸೇವೆಯೇ ಕಾರಣವೇ ಅಥವಾ ಇದ್ದ ಕಾಯಿಲೆ ಸೇವೆಯಿಂದ ಹೆಚ್ಚಿತೇ ಎಂಬುದನ್ನು ಸೂಚಿಸುವ ‘ಅಟ್ರಿಬ್ಯೂಟಬಲ್’ ಮತ್ತು ‘ಅಗ್ರವೇಟೆಡ್’ ಎಂಬ ಜೋಡಿ. ಸೇವೆ ಮುಗಿಯುವ ಮುನ್ನ ರಿಲೀಸ್ ಮೆಡಿಕಲ್ ಬೋರ್ಡ್ ಎಂಬ ವೈದ್ಯರ ಮಂಡಳಿ ಸೈನಿಕನನ್ನು ಪರೀಕ್ಷಿಸಿ, ಆರೋಗ್ಯಹಾನಿ ಶೇಕಡಾ ಎಷ್ಟು ಎಂಬುದರ ಜೊತೆಗೆ, ಅದಕ್ಕೂ ಸೇವೆಗೂ ಸಂಬಂಧವಿದೆಯೇ ಎಂಬುದನ್ನೂ ದಾಖಲಿಸುತ್ತದೆ. ಪಿಂಚಣಿ ಸಿಗಬೇಕಾದರೆ ಹಾನಿ ಶೇ 20ಕ್ಕಿಂತ ಕಡಿಮೆಯಿರಬಾರದು. ಅಷ್ಟಿದ್ದರೂ ಸೇವೆಯೊಂದಿಗೆ ಸಂಬಂಧವಿಲ್ಲವೆಂದು ಬೋರ್ಡ್ ಬರೆದರೆ ಅರ್ಜಿ ತಿರಸ್ಕೃತವಾಗಿ, ಮೇಲ್ಮನವಿಯ ದಾರಿ ಹಿಡಿಯಬೇಕಾಗುತ್ತದೆ. ‘ಅಟ್ರಿಬ್ಯೂಟಬಲ್’ ಎಂಬುದನ್ನು ‘ಸೇವಾವಧಿಯಲ್ಲಿ ಬಂದ ಕಾಯಿಲೆ’ ಎಂದು ಅನುವಾದಿಸಿರುವುದನ್ನು ಕಂಡಿದ್ದೇನೆ. ಅದು ತಪ್ಪು, ಏಕೆಂದರೆ ಇಲ್ಲಿ ಕೇಳುತ್ತಿರುವುದು ಕಾಯಿಲೆಯ ಕಾಲವನ್ನಲ್ಲ, ಕಾರಣವನ್ನು. ಸೇರುವಾಗಿನ ದಾಖಲೆಯಲ್ಲಿ ಕಾಯಿಲೆಯ ಉಲ್ಲೇಖವಿಲ್ಲದೆ, ಮುಂದೆ ಅದೇ ಕಾರಣಕ್ಕೆ ಸೈನಿಕನನ್ನು ಬಿಡುಗಡೆ ಮಾಡಿದರೆ, ಅದು ಸೇವೆಯಿಂದಲೇ ಬಂದದ್ದೆಂದು ಭಾವಿಸಬೇಕು, ಅಲ್ಲವೆಂದು ತೋರಿಸುವ ಹೊಣೆ ಸರ್ಕಾರದ್ದು ಎಂದು 2013ರಲ್ಲಿ ಧರ್ಮವೀರ್ ಸಿಂಗ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಆಗಿನ ನಿಯಮಗಳನ್ನು ಅರ್ಥೈಸಿತು. ಆ ವಾದವೆಲ್ಲ ನಿಂತಿದ್ದುದು ಈ ಕಾರಣದ ಪ್ರಶ್ನೆಯ ಮೇಲೆಯೇ. ‘ಸೇವೆಯ ಕಾರಣದಿಂದ ಬಂದ’, ‘ಸೇವೆಯಿಂದಾಗಿ ಉಲ್ಬಣಿಸಿದ’ ಎಂದು ಬಿಡಿಸಿ ಬರೆಯುವುದೇ ಲೇಸೆಂದು ತೋರುತ್ತದೆ. ‘ಸೇವಾಜನ್ಯ’ ಎಂದರೆ ಚಿಕ್ಕದಾಗುತ್ತದೆ ನಿಜ, ಆದರೆ ಎರಡನೆಯ ಅರ್ಥ ಬಿಟ್ಟುಹೋಗುತ್ತದೆ.

ಅವಧಿಗೆ ಮುನ್ನವೇ ಆರೋಗ್ಯದ ಕಾರಣಕ್ಕೆ ಬಿಡುಗಡೆಯಾದವರನ್ನು ಸೈನಿಕರು ‘ಬೋರ್ಡ್ ಔಟ್ ಆದವರು’ ಎನ್ನುತ್ತಾರೆ. ಅದನ್ನು ಹಾಗೆಯೇ ಉಳಿಸಿಕೊಂಡಿದ್ದೇನೆ. ಆದರೆ ಈ ಪಿಂಚಣಿಯ ಕುರಿತ 2023ರ ನಿಯಮಗಳು, ಆರೋಗ್ಯಹಾನಿಯಿದ್ದೂ ಸೇವೆಯಲ್ಲಿ ಮುಂದುವರಿದು ಅವಧಿ ಮುಗಿಸಿದವರಿಗೆ ಸಿಗುವ ಹಣಕ್ಕೆ ‘ಇಂಪೇರ್ಮೆಂಟ್ ರಿಲೀಫ್’ ಎಂಬ ಬೇರೆಯೇ ಹೆಸರನ್ನು ತಂದಿವೆ. ‘ಆರೋಗ್ಯಹಾನಿ’ಯನ್ನು ಮೊದಲ ಪದಕ್ಕೇ ಬಳಸಿಬಿಟ್ಟರೆ ಇದಕ್ಕೆ ಏನೆನ್ನುವುದು? ‘ನ್ಯೂನತಾ ಪರಿಹಾರ’ ಎನ್ನಲು ಮನಸ್ಸು ಒಪ್ಪುತ್ತಿಲ್ಲ.

ಕೊಡಗು, ಬೆಳಗಾವಿ, ಧಾರವಾಡದ ಕಡೆಯ ಸೈನಿಕ ಕುಟುಂಬಗಳವರು ಈ ಬಳಗದಲ್ಲಿದ್ದರೆ, ‘ಡಿಸೆಬಿಲಿಟಿ ಪೆನ್ಶನ್’, ‘ಇಂಪೇರ್ಮೆಂಟ್ ರಿಲೀಫ್’ ಎರಡನ್ನೂ ತಮ್ಮ ಮನೆಗಳಲ್ಲಿ ಏನೆಂದು ಕರೆಯುತ್ತಾರೆಂಬುದನ್ನು ದಯವಿಟ್ಟು ತಿಳಿಸಬೇಕು.