ಸಹಾಯ ಬೇಕು: ಚೋಕ್ ಒಳಗೆ ತಳ್ಳಿದ ಕೂಡಲೇ ತಣ್ಣಗಿನ ಇಂಜಿನ್ ಬಂದ್

ಉಡುಪಿಯಲ್ಲಿರುವ ಹಳೇ 800 ಸಿಸಿ ಕಾರ್ಬ್ಯುರೇಟರ್ ಕಾರು, ಕೈಯಲ್ಲಿ ಎಳೆಯುವ ಚೋಕ್ (ತಣ್ಣಗಿದ್ದಾಗ ಗಾಳಿ ಕಡಿಮೆ ಮಾಡಿ ಪೆಟ್ರೋಲ್ ಪಾಲು ಜಾಸ್ತಿ ಮಾಡುವುದು). ಬೆಳಿಗ್ಗೆ ಒಂದೇ ಸೆಲ್ಫ್‌ಗೆ ಸ್ಟಾರ್ಟ್. ಎರಡು ನಿಮಿಷ ಬಿಟ್ಟು ಚೋಕ್ ಪೂರ್ತಿ ತಳ್ಳಿದರೆ ಬಂದ್, ಅರ್ಧ ಇಟ್ಟರೆ ಓಡ್ತದೆ. ಬಿಸಿಯಾದ ಮೇಲೆ ಎಂತ ತೊಂದರೆಯೂ ಇಲ್ಲ, ಐಡ್ಲಿಂಗ್ 900 ಆರ್‌ಪಿಎಂನಲ್ಲಿ ನಿಲ್ತದೆ. ಮಳೆ ಜೋರಿದ್ದ ದಿನ ಇದು ಜಾಸ್ತಿ.

ಐಡಲ್ ಜೆಟ್ (ಐಡ್ಲಿಂಗಿಗೆ ಪೆಟ್ರೋಲ್ ಬಿಡುವ ಸಣ್ಣ ತೂತು) ಕ್ಲೀನ್ ಆಯ್ತು. ಪ್ಲಗ್ ಹೊಸತು, ಗ್ಯಾಪ್ 0.8 ಮಿ.ಮೀ. ಫ್ಲೋಟ್ ಲೆವೆಲ್ (ಕಾರ್ಬ್ಯುರೇಟರಲ್ಲಿ ಪೆಟ್ರೋಲ್ ನಿಲ್ಲುವ ಮಟ್ಟ) ಸರಿ ಉಂಟು. ಗಾಳಿ ಲೀಕ್ ಉಂಟಾ ನೋಡ್ಲಿಕ್ಕೆ ಮೆನಿಫೋಲ್ಡ್ (ಕಾರ್ಬ್ಯುರೇಟರಿನಿಂದ ಇಂಜಿನಿಗೆ ಹೋಗುವ ಕೊಳವೆ) ಸುತ್ತ ಕಾರ್ಬ್ ಕ್ಲೀನರ್ ಹೊಡೆದರೂ ಆರ್‌ಪಿಎಂ ಏರಲಿಲ್ಲ. ಆದರೆ ಅದು ಬಿಸಿ ಇಂಜಿನಿಗೆ ಹೊಡೆದದ್ದು, ಲೋಹ ಹಿಗ್ಗಿ ಸಂದು ಮುಚ್ಚಿರಲೂಬಹುದು. ಎಕ್ಸಾಸ್ಟ್ ಕಡೆಯಿಂದ ಏರ್ ಕ್ಲೀನರಿಗೆ ಬಿಸಿಗಾಳಿ ತರುವ ಪೈಪೂ ಹರಿದಿದೆ.

ಅರ್ಧ ಚೋಕಲ್ಲಿ ಓಡ್ತದೆ ಅಂದ್ರೆ ಮಿಕ್ಸ್ಚರ್ ಲೀನ್ (ಗಾಳಿ ಜಾಸ್ತಿ, ಪೆಟ್ರೋಲ್ ಕಡಿಮೆ), ಅಷ್ಟು ಗೊತ್ತಾಯ್ತು. ಆ ಪೈಪ್ ಇಲ್ಲದ್ದಕ್ಕೇ ಹೀಗಾಗ್ತದಾ, ಅಲ್ಲ ತಣ್ಣಗಿದ್ದಾಗ ಮಾತ್ರ ಗಾಳಿ ಎಳೆಯುವ ಮೆನಿಫೋಲ್ಡ್ ಗ್ಯಾಸ್ಕೆಟಾ? ಮೊದಲು ಯಾವುದಕ್ಕೆ ಕೈ ಹಾಕುವುದು ಮಾರಾಯ್ರೆ?