ಸಹಾಯ ಬೇಕು: ಲಿನಕ್ಸ್‌ಸಿಎನ್‌ಸಿಯಲ್ಲಿ ವೇಗ ಹೆಚ್ಚಿಸಿದಾಗ ನಿಂತುಹೋಗುವ ಮೋಟಾರ್

ಎಲ್ಲರಿಗೂ ನಮಸ್ಕಾರ. ಹಳೆಯ ಮಿಲ್ಲಿಂಗ್ ಯಂತ್ರವೊಂದಕ್ಕೆ ಲಿನಕ್ಸ್‌ಸಿಎನ್‌ಸಿ (ಕಂಪ್ಯೂಟರ್‌ನಿಂದ ಯಂತ್ರ ನಡೆಸುವ ತಂತ್ರಾಂಶ) ಅಳವಡಿಸಿ, ಕಂಪ್ಯೂಟರ್‌ನ ಪ್ಯಾರಲಲ್ ಪೋರ್ಟ್ ಮೂಲಕ ಸ್ಟೆಪ್ಪರ್ ಡ್ರೈವರ್‌ಗಳನ್ನು (ಪ್ರತಿ ಪಲ್ಸ್‌ಗೆ ಒಂದು ಹೆಜ್ಜೆಯಂತೆ ಮೋಟಾರ್ ತಿರುಗಿಸುವ ಸಾಧನಗಳು) ನಡೆಸುತ್ತಿದ್ದೇನೆ. ಅಕ್ಷವನ್ನು ಸರಿಸುವ ತಿರುಪಾದ ಬಾಲ್ ಸ್ಕ್ರೂವಿನ ಒಂದು ಸುತ್ತಿಗೆ 5 ಮಿ.ಮೀ. ಚಲನೆ, 1600 ಮೈಕ್ರೋಸ್ಟೆಪ್ (ಮೋಟಾರಿನ ಸಣ್ಣ ಹೆಜ್ಜೆ). ಹೀಗಾಗಿ ನಿಮಿಷಕ್ಕೆ 3000 ಮಿ.ಮೀ. ವೇಗ ಬೇಕೆಂದರೆ ಸೆಕೆಂಡಿಗೆ 16,000 ಪಲ್ಸ್‌ಗಳು ಹೊರಡಬೇಕು. ನಿಧಾನಗತಿಯಲ್ಲಿ ಕೆಲಸ ಅಚ್ಚುಕಟ್ಟಾಗಿದೆ, ಆದರೆ ಆ ವೇಗಕ್ಕೆ ಏರಿಸಿದೊಡನೆ ಎಕ್ಸ್ ಅಕ್ಷದ ಮೋಟಾರ್ ಗುರುಗುಟ್ಟಿ ನಿಂತುಬಿಡುತ್ತದೆ. ಕಂಪ್ಯೂಟರ್ ಎಷ್ಟು ತಡಮಾಡುತ್ತದೆಂದು ಅಳೆಯುವ ಲೇಟೆನ್ಸಿ ಪರೀಕ್ಷೆಯಲ್ಲಿ, ಪಲ್ಸ್ ಕಳುಹಿಸುವ ಬೇಸ್ ಥ್ರೆಡ್‌ನ ಗರಿಷ್ಠ ಜಿಟರ್ (ಸಮಯದ ಏರುಪೇರು) 45 ಮೈಕ್ರೋಸೆಕೆಂಡ್ ಬಂದಿದೆ. ಎರಡು ಪಲ್ಸ್‌ಗಳ ನಡುವಿನ ಅಂತರವೇ 62.5 ಮೈಕ್ರೋಸೆಕೆಂಡ್ ಆಗಿರುವಾಗ ದೋಷದ ಮೂಲ ಇದೇ ಇರಬೇಕೆಂದು ನನ್ನ ಅನಿಸಿಕೆ. ಬಯಾಸ್‌ನಲ್ಲಿ ಹೈಪರ್‌ಥ್ರೆಡಿಂಗ್ (ಒಂದೇ ಕೋರ್ ಅನ್ನು ಎರಡರಂತೆ ಬಳಸುವ ವ್ಯವಸ್ಥೆ) ನಿಲ್ಲಿಸಿದರೂ ಹೆಚ್ಚಿನ ವ್ಯತ್ಯಾಸ ಕಾಣಲಿಲ್ಲ. ಪಲ್ಸ್‌ಗಳನ್ನು ತಾನೇ ಉತ್ಪಾದಿಸುವ ಮೆಸಾ ಈಥರ್ನೆಟ್ ಕಾರ್ಡಿಗೆ ಬದಲಾದರೆ ಇದೇ ಕಂಪ್ಯೂಟರ್ ಸಾಕಾಗುವುದೇ, ಅಥವಾ ಮೊದಲು ಒಂದು ಪ್ರೊಸೆಸರ್ ಕೋರ್ ಅನ್ನು ರಿಯಲ್‌ಟೈಮ್ (ಸಮಯಕ್ಕೆ ಸರಿಯಾಗಿ ನಡೆಯಲೇಬೇಕಾದ) ಕೆಲಸಕ್ಕೆಂದೇ ಮೀಸಲಿಟ್ಟು ನೋಡಬೇಕೇ? ಇಂಥ ಬದಲಾವಣೆ ಮಾಡಿಕೊಂಡವರು ದಯವಿಟ್ಟು ತಮ್ಮ ಅನುಭವ ತಿಳಿಸಿ.