200 ಹಂದಿಗಳ ದೊಡ್ಡಿ: ಬಯೋಗ್ಯಾಸ್ ತೊಟ್ಟಿ ದಾಟಿದ ನೀರನ್ನು ಹಳ್ಳಕ್ಕೆ ಬಿಡಬಹುದೇ?

ಹಳ್ಳದಂಚು:

25ರಿಂದ 100 ಕೆಜಿ ತೂಕದ 200 ಹಂದಿಗಳಿರುವ ಫಾರಂ. ಕಾಂಕ್ರೀಟ್ ನೆಲವನ್ನು ದಿನಕ್ಕೆರಡು ಸಲ ಪೈಪ್ ಹಿಡಿದು ತೊಳೆಯುತ್ತಾರೆ, ಲೆಕ್ಕ ಹಾಕಿದರೆ ಹಂದಿಗೆ ದಿನಕ್ಕೆ 25 ಲೀಟರ್ ನೀರು. ಎಲ್ಲವೂ 30 ಘನ ಮೀಟರಿನ ಗುಮ್ಮಟದ ಬಯೋಗ್ಯಾಸ್ ತೊಟ್ಟಿಗೆ ಹೋಗುತ್ತದೆ. ಹೊರಬರುವ ಬಗ್ಗಡ 10×10 ಮೀಟರ್ ಅಗಲ, 2 ಮೀಟರ್ ಆಳದ ಮಣ್ಣಿನ ಗುಂಡಿಯಲ್ಲಿ ನಿಲ್ಲುತ್ತದೆ. ಮಳೆಗಾಲದಲ್ಲಿ ಗುಂಡಿ ತುಂಬಿ ಹಳ್ಳಕ್ಕೆ ಹರಿಯುತ್ತದೆ, ಹಳ್ಳ ಕೆರೆಗೆ ಸೇರುತ್ತದೆ. ನೇಪಿಯರ್ ಹುಲ್ಲು ಬೆಳೆದ 5 ಎಕರೆ ಜಮೀನಿದೆ.

ಇನ್ನೊಂದು 30 ಘನ ಮೀಟರ್ ತೊಟ್ಟಿ ಕಟ್ಟಿ, ಗುಂಡಿಯಲ್ಲಿ ಡಕ್‌ವೀಡ್ (ನೀರಿನ ಮೇಲೆ ತೇಲುವ ಸಣ್ಣ ಎಲೆಯ ಸಸ್ಯ) ಬೆಳೆಸಿ, ಉಳಿದ ನೀರನ್ನು ಹಳ್ಳಕ್ಕೆ ಬಿಡುವ ಯೋಜನೆ ಇದೆ. ಇಷ್ಟು ಸಾಕೇ? ಹಂದಿ ಸಾಕಣೆ ದಟ್ಟವಾಗಿರುವ ಚೀನಾ, ಥಾಯ್ಲೆಂಡ್, ವಿಯೆಟ್ನಾಂ, ತೈವಾನ್‌ಗಳಲ್ಲಿ ಏನು ಮಾಡುತ್ತಾರೆ?

ನೀರಗಂಟಿ:

ಸಾಕಾಗುವುದಿಲ್ಲ. ತೊಟ್ಟಿ ಚಿಕ್ಕದು ಎನ್ನುವುದಕ್ಕಿಂತ ನೀರು ಹೆಚ್ಚು ಎನ್ನುವುದೇ ಇಲ್ಲಿನ ಮುಖ್ಯ ಕಾರಣ. ಹಂದಿಯೊಂದು ದಿನಕ್ಕೆ ಸುಮಾರು 2 ಕೆಜಿ ಮಲ, 3-4 ಲೀಟರ್ ಮೂತ್ರ ಹಾಕುತ್ತದೆ ಎಂದಿಟ್ಟುಕೊಳ್ಳಿ. 200ಕ್ಕೆ 400 ಕೆಜಿ ಮಲ, 700 ಲೀಟರ್ ಮೂತ್ರ. ಅದಕ್ಕೆ ನೀವು 5,000 ಲೀಟರ್ ನೀರು ಸೇರಿಸುತ್ತಿದ್ದೀರಿ. ಒಟ್ಟು 6 ಘನ ಮೀಟರ್. 30 ಘನ ಮೀಟರಿನ ತೊಟ್ಟಿಯಲ್ಲಿ ಅದು ನಿಲ್ಲುವುದು ಐದೇ ದಿನ. ಬೆಚ್ಚಗಿನ ಹವೆಯಲ್ಲೂ ಮಲ ಕಳಿಯಲು 25-30 ದಿನ ಬೇಕು. ಅಂದರೆ ಈಗ ಅರೆಬೆಂದ ಬಗ್ಗಡ ಹೊರಬರುತ್ತಿದೆ. ಇನ್ನೊಂದು ತೊಟ್ಟಿ ಕಟ್ಟಿದರೂ ಹತ್ತು ದಿನ. ಈ ನೀರಿನ ಪ್ರಮಾಣಕ್ಕೆ 180 ಘನ ಮೀಟರ್ ಬೇಕಾಗುತ್ತದೆ.

ಚೀನಾದ 2001ರ ಜಾನುವಾರು ತ್ಯಾಜ್ಯ ಮಾನದಂಡವು ಮಾಲಿನ್ಯದ ಮಿತಿಯ ಜೊತೆಗೆ ನೀರಿನ ಪ್ರಮಾಣಕ್ಕೂ ಮಿತಿ ಹಾಕಿತು. ಮಲವನ್ನು ಒಣದಾಗಿ ಬಳಿದು ತೆಗೆಯುವ ಫಾರಂಗಳು 100 ಹಂದಿಗೆ ದಿನಕ್ಕೆ ಚಳಿಗಾಲದಲ್ಲಿ 1.2, ಬೇಸಿಗೆಯಲ್ಲಿ 1.8 ಘನ ಮೀಟರಿಗಿಂತ ಹೆಚ್ಚು ನೀರು ಹೊರಬಿಡುವಂತಿಲ್ಲ. ನೀರು ಹಾಯಿಸಿ ತೊಳೆಯುವ ಫಾರಂಗಳಿಗೆ ಇದು 2.5 ಮತ್ತು 3.5. ನೀರಿಗೂ ಮಿತಿ ಇಲ್ಲದಿದ್ದರೆ ಬಾವಿ ನೀರು ಬೆರೆಸಿ ತೆಳುಮಾಡಿ ಪರೀಕ್ಷೆ ದಾಟುವುದು ಸುಲಭ. ಆದರೆ ಕೆರೆಗೆ ಸೇರುವ ಸಾರಜನಕದ ಕಿಲೋಗಳು ತೆಳುಮಾಡಿದ್ದಕ್ಕೆ ಕಡಿಮೆಯಾಗುವುದಿಲ್ಲ.

ನೀರಿನ ಬಳಕೆ ಇಳಿಸಲು ಮೊದಲು ಹಂದಿಗಳು ನೀರು ಕುಡಿಯುವ ನಿಪ್ಪಲ್‌ಗಳನ್ನು ನೋಡಿ. ನಿಪ್ಪಲ್ ಒತ್ತಿ ಹಿಡಿದು ಒಂದು ನಿಮಿಷ ಬಾಟಲಿಗೆ ಹಿಡಿಯಿರಿ. ಕೊಬ್ಬಿಸುವ ಹಂದಿಗೆ 1 ಲೀಟರ್ ಸಾಕು, ಮರಿಗಳಿಗೆ ಅರ್ಧ. 2-3 ಲೀಟರ್ ಬರುತ್ತಿದ್ದರೆ ಹೆಚ್ಚಿನದು ಬಾಯಿಂದ ಜಾರಿ ನೆಲಕ್ಕೆ ಹೋಗುತ್ತಿದೆ. ಒತ್ತಡ ಇಳಿಸಿ, ನಿಪ್ಪಲನ್ನು ಹಂದಿಯ ಭುಜಕ್ಕಿಂತ 5 ಸೆಂ.ಮೀ. ಮೇಲೆ ಹಾಕಿ, ಹಂದಿ ಬೆಳೆದಂತೆ ಏರಿಸಿ. ಬಟ್ಟಲಿನ ನಿಪ್ಪಲ್ ಇನ್ನೂ ಒಳ್ಳೆಯದು. ಸಲಿಕೆ ಅಥವಾ ರಬ್ಬರ್ ಬಳಿಗೆಯಿಂದ ಮಲ ಎತ್ತಿದ ಮೇಲಷ್ಟೇ, ಕಿರಿದಾದ ಮೂತಿಯ ಒತ್ತಡದ ಪೈಪಿನಿಂದ ತೊಳೆದರೆ ಹಂದಿಗೆ 8 ಲೀಟರಿಗೆ ಇಳಿಯುತ್ತದೆ.

ಚಾವಣಿ ನೀರು ಎಲ್ಲಿಗೆ ಹೋಗುತ್ತಿದೆ ಎಂಬುದನ್ನೂ ನೋಡಿ. 300 ಚದರ ಮೀಟರ್ ಚಾವಣಿಗೆ 50 ಮಿ.ಮೀ. ಮಳೆ ಬಿದ್ದರೆ 15,000 ಲೀಟರ್. ಅದು ಕೊಳೆನೀರಿನ ಚರಂಡಿಗೆ ಇಳಿಯುತ್ತಿದ್ದರೆ ತೊಟ್ಟಿಯಲ್ಲಿ ಬೆಳೆದ ಸೂಕ್ಷ್ಮಜೀವಿಗಳೇ ಕೊಚ್ಚಿಹೋಗುತ್ತವೆ. ಮಳೆ ನಿಂತ ಮೇಲೂ ವಾರಗಟ್ಟಲೆ ಗ್ಯಾಸ್ ಬಾರದಿರಲು ಇದು ಸಾಮಾನ್ಯ ಕಾರಣ. ಚಾವಣಿಗೆ ದೋಣಿ ಕಟ್ಟಿ ಬೇರೆ ಕಾಲುವೆಗೆ ತಿರುಗಿಸಿ.

ತಿಪ್ಪೆಗುಂಡಿ:

ನೀರಗಂಟಿಯವರ ಲೆಕ್ಕಕ್ಕೆ ಒಂದು ಸೇರಿಕೆ. ಬಯೋಗ್ಯಾಸ್ ತೊಟ್ಟಿ ತಿನ್ನುವುದು ಇಂಗಾಲವನ್ನು. ಸರಿಯಾಗಿ ನಡೆದರೆ ಸಿಒಡಿ (ನೀರಿನ ಕೊಳೆಯನ್ನು ರಾಸಾಯನಿಕವಾಗಿ ಉರಿಸಲು ಬೇಕಾದ ಆಮ್ಲಜನಕದ ಅಳತೆ) 70-80 ಶೇಕಡಾ ಇಳಿಯುತ್ತದೆ, ವಾಸನೆ ಕಡಿಮೆಯಾಗುತ್ತದೆ. ಸಾರಜನಕ ಹೆಚ್ಚುಕಡಿಮೆ ಅಷ್ಟೂ ಉಳಿದು ಅಮೋನಿಯಂ ರೂಪಕ್ಕೆ ಬದಲಾಗುತ್ತದೆ. ರಂಜಕವೂ ಎಲ್ಲಿಗೂ ಹೋಗುವುದಿಲ್ಲ, ಒಂದಿಷ್ಟು ತಳದ ಕೆಸರಿನಲ್ಲಿ ಕೂರುತ್ತದೆ, ಕೆಸರು ತೆಗೆದ ದಿನ ಹೊರಬರುತ್ತದೆ. ಜಂತುಹುಳದ ಮೊಟ್ಟೆಗಳೂ ಪೂರ್ತಿ ಸಾಯುವುದಿಲ್ಲ. ಕೆರೆಯಲ್ಲಿ ಪಾಚಿ ಉಕ್ಕಿಸುವುದು ಸಾರಜನಕ, ರಂಜಕಗಳೇ. ತಿಳಿಯಾಗಿ ಕಂಡ ಬಗ್ಗಡವನ್ನು ಶುದ್ಧ ನೀರೆಂದು ನಂಬುವುದು ಬಹಳ ಕಡೆ ಆಗುತ್ತಿರುವ ತಪ್ಪು.

ಹಾಗಾಗಿ ಮಲವನ್ನು ತೊಟ್ಟಿಗೆ ಹೋಗುವ ಮೊದಲೇ ಬೇರ್ಪಡಿಸುವುದು ದೊಡ್ಡ ಲಾಭ. ರಂಜಕದ ಬಹುಪಾಲು ಮಲದಲ್ಲೇ ಇರುತ್ತದೆ. ಸಾರಜನಕದ ಅರ್ಧಕ್ಕಿಂತ ಹೆಚ್ಚು ಮೂತ್ರದಲ್ಲಿ. ಮುಕ್ಕಾಲು ಪಾಲು ಮಲವನ್ನು ಬಳಿದು ಕಾಂಪೋಸ್ಟ್ ಮಾಡಿ, ಕಾಲು ಪಾಲನ್ನಷ್ಟೇ ತೊಟ್ಟಿಗೆ ಹಾಕಿ. ಬರೀ ಮೂತ್ರ ಹಾಕಿದರೆ ಅಮೋನಿಯಾ ಏರಿ ತೊಟ್ಟಿ ಕೆಡುತ್ತದೆ, ಅದಕ್ಕೆ ಈ ಕಾಲು ಪಾಲು. ಆಗ ತೊಟ್ಟಿಗೆ ದಿನಕ್ಕೆ 2.4 ಘನ ಮೀಟರ್ ಮಾತ್ರ. ನಿಮ್ಮ ಎರಡು ತೊಟ್ಟಿ ಸೇರಿ 25 ದಿನ ಸಿಗುತ್ತದೆ. ಎರಡನೇ ತೊಟ್ಟಿಗೆ ಅರ್ಥ ಬರುವುದು ಆಗ. ಗ್ಯಾಸ್ ಕಡಿಮೆಯಾಗುತ್ತದೆ, ನಿಜ. ಆದರೆ ಉರಿಸಲಾಗದಷ್ಟು ಗ್ಯಾಸ್ ಮಾಡಿ ಗಾಳಿಗೆ ಬಿಡುವುದು ಇನ್ನೊಂದು ಮಾಲಿನ್ಯ. ತೋಟ, ಕೊಳ, ಹಂದಿಗೂಡು ಮೂರನ್ನೂ ಜೋಡಿಸುವ ಪದ್ಧತಿಗೆ ಹೆಸರಾದ ವಿಯೆಟ್ನಾಂನಲ್ಲೂ ಹಂದಿಯ ಸಂಖ್ಯೆ ಅಡುಗೆಮನೆಯ ಅಗತ್ಯವನ್ನು ಮೀರಿ ಬೆಳೆದಾಗ ಹೀಗಾಯಿತು.

ಕಾಂಪೋಸ್ಟ್: ಹಂದಿ ಮಲದಲ್ಲಿ ಇಂಗಾಲ-ಸಾರಜನಕ ಅನುಪಾತ 10-15 ಇರುತ್ತದೆ, ಬೇಕಾದದ್ದು 25-30. ಒಂದು ಬುಟ್ಟಿ ಮಲಕ್ಕೆ ಎರಡು-ಮೂರು ಬುಟ್ಟಿ ಒಣ ಮರದ ಹೊಟ್ಟು, ತೆಂಗಿನ ನಾರಿನ ಪುಡಿ ಅಥವಾ ಕತ್ತರಿಸಿದ ಹುಲ್ಲು. ಮುಷ್ಟಿಯಲ್ಲಿ ಹಿಂಡಿದರೆ ಉಂಡೆ ನಿಲ್ಲಬೇಕು, ನೀರು ತೊಟ್ಟಿಕ್ಕಬಾರದು. ಅದು 50-60 ಶೇಕಡಾ ತೇವ. ಒಂದೂವರೆ ಮೀಟರ್ ಎತ್ತರದ ಸಾಲು ಮಾಡಿ, ಒಳಗೆ 55 ಡಿಗ್ರಿ ಸೆಲ್ಸಿಯಸ್ ದಾಟಿದ 15 ದಿನಗಳಲ್ಲಿ ಐದು ಸಲ ಮಗುಚಿ. ಆಗ ಹೊರಗಿನ ತಣ್ಣನೆಯ ಭಾಗವೂ ಒಳಬಂದು ಕಾಯುತ್ತದೆ, ಮೊಟ್ಟೆಗಳು ಸಾಯುತ್ತವೆ. ಶಾಖ ಏರದಿದ್ದರೆ ತೇವ ಹೆಚ್ಚಾಗಿದೆ, ಕಣ್ಣುರಿಯುವ ಅಮೋನಿಯಾ ಬಂದರೆ ಹೊಟ್ಟು ಕಡಿಮೆಯಾಗಿದೆ. ನೆಲ ಕಾಂಕ್ರೀಟ್ ಆಗಿರಲಿ, ಮೇಲೆ ಚಾವಣಿ ಇರಲಿ, ಇಲ್ಲದಿದ್ದರೆ ಮೊದಲ ಮಳೆಗೆ ಅದರ ಕಪ್ಪು ರಸ ಹಳ್ಳಕ್ಕೇ ಇಳಿಯುತ್ತದೆ.

ಹಳ್ಳದಂಚು:

ಇಬ್ಬರಿಗೂ ಧನ್ಯವಾದ. ಎರಡು ಪ್ರಶ್ನೆ ಉಳಿದವು. ಮರದ ಹೊಟ್ಟಿನ ದಪ್ಪ ಹಾಸಿನ ಮೇಲೆ ಹಂದಿ ಬಿಟ್ಟು ತೊಳೆಯುವುದನ್ನೇ ನಿಲ್ಲಿಸಬಹುದೇ? ಅಥವಾ ಕೊನೆಗೆ ಗಾಳಿ ಊದುವ ತೊಟ್ಟಿ ಹಾಕಿ ಸಾರಜನಕ ತೆಗೆದು ಹಳ್ಳಕ್ಕೆ ಬಿಡಬಹುದೇ?

ಗಾಳಿತೊಟ್ಟಿ:

ಹಾಸಿನ ಪದ್ಧತಿ ಕೊರಿಯಾ, ಚೀನಾಗಳಲ್ಲಿ ಬಳಕೆಯಲ್ಲಿದೆ. 60-90 ಸೆಂ.ಮೀ. ಹಾಸು, ಹಂದಿಗೆ ಕನಿಷ್ಠ 1.2 ಚದರ ಮೀಟರ್ ಜಾಗ, ವಾರಕ್ಕೆರಡು ಸಲ ಕೆದಕುವ ಕೆಲಸ. ಹರಿಯುವ ನೀರೇ ಇರುವುದಿಲ್ಲ, ಅದು ದೊಡ್ಡ ಗುಣ. ಆದರೆ ಹಾಸು ಸ್ವತಃ ಕಾಯುತ್ತದೆ. ಹೊರಗೆ 30 ಡಿಗ್ರಿ ದಾಟಿದಾಗ ದೊಡ್ಡ ಹಂದಿಗೆ ಮಲಗಲು ತಣ್ಣನೆಯ ಕಾಂಕ್ರೀಟ್ ಪಟ್ಟಿ ಬೇಕೇಬೇಕು. ನಿಪ್ಪಲ್ ನೀರು ಹಾಸಿನ ಮೇಲೆ ಬಿದ್ದರೆ ಆ ಮೂಲೆ ಕೊಳೆತು ಇಡೀ ಹಾಸು ಹಾಳಾಗುತ್ತದೆ. ಹೊಟ್ಟು ವರ್ಷಪೂರ್ತಿ ಸಿಗುವಂತಿದ್ದರೆ 30-40 ಮರಿಗಳ ಒಂದು ಅಂಕಣದಲ್ಲಿ ಶುರುಮಾಡಿ.

ಗಾಳಿ ಊದುವುದು ತೈವಾನಿನ ಮೂರು ಹಂತದ ಪದ್ಧತಿಯ ಕೊನೆಯ ಹಂತ: ಮೊದಲು ಘನ-ದ್ರವ ಬೇರ್ಪಡಿಕೆ, ಆಮೇಲೆ ಗಾಳಿಯಿಲ್ಲದ ಕಳಿಕೆ, ಕೊನೆಗೆ ಗಾಳಿಯೂದಿದ ಸಕ್ರಿಯ ಕೆಸರು, ಅಂದರೆ ಕೊಳೆ ತಿನ್ನುವ ಸೂಕ್ಷ್ಮಜೀವಿಗಳ ಕೆಸರು. ನಿಮ್ಮ ಪ್ರಮಾಣಕ್ಕೆ ನಾನು ಬೇಡ ಎನ್ನುತ್ತೇನೆ. 1 ಕೆಜಿ ಅಮೋನಿಯಾ ಸಾರಜನಕವನ್ನು ನೈಟ್ರೇಟ್ ಮಾಡಲು 4.57 ಕೆಜಿ ಆಮ್ಲಜನಕ ಬೇಕು, ಜೊತೆಗೆ 7.14 ಕೆಜಿ ಕ್ಷಾರೀಯತೆ (ಪಿಎಚ್ ಕುಸಿಯದಂತೆ ತಡೆಯುವ ಗುಣ, ಕ್ಯಾಲ್ಸಿಯಂ ಕಾರ್ಬೊನೇಟ್ ಲೆಕ್ಕದಲ್ಲಿ) ಖರ್ಚಾಗುತ್ತದೆ. ಮಲ ಬೇರ್ಪಡಿಸಿದ ಮೇಲೂ ದ್ರವದಲ್ಲಿ ದಿನಕ್ಕೆ 3 ಕೆಜಿಗಿಂತ ಹೆಚ್ಚು ಸಾರಜನಕ ಉಳಿಯುತ್ತದೆ, ಬ್ಲೋವರ್ ಹಗಲೂ ರಾತ್ರಿ ಓಡಬೇಕು. ನೈಟ್ರೇಟ್ ಆದ ಮೇಲೂ ಅದನ್ನು ಸಾರಜನಕ ಅನಿಲವಾಗಿ ಹಾರಿಸಲು ಸೂಕ್ಷ್ಮಜೀವಿಗಳಿಗೆ ಇಂಗಾಲ ಬೇಕು. ಆ ಇಂಗಾಲವನ್ನು ಬಯೋಗ್ಯಾಸ್ ತೊಟ್ಟಿ ಆಗಲೇ ತಿಂದುಬಿಟ್ಟಿರುತ್ತದೆ. ಅದಕ್ಕೇ ದೊಡ್ಡ ಘಟಕಗಳಲ್ಲಿ ಒಂದು ಪಾಲು ಹಸಿ ಬಗ್ಗಡವನ್ನು ತೊಟ್ಟಿ ತಪ್ಪಿಸಿ ನೇರ ಈ ಹಂತಕ್ಕೆ ಕೊಡುತ್ತಾರೆ. ಇದನ್ನು ಅರಿಯದೆ ಕಟ್ಟಿದ ಕಡೆ ಪಿಎಚ್ ಕುಸಿದು, ನೈಟ್ರೇಟ್ ತುಂಬಿದ ನೀರು ಹೊರಬರುತ್ತದೆ.

ಮಿತಿಗಳನ್ನೂ ನೋಡಿ. ನಿಮ್ಮ ತೊಟ್ಟಿಯ ಬಗ್ಗಡದಲ್ಲಿ ಲೀಟರಿಗೆ ಸುಮಾರು 1,000 ಮಿ.ಗ್ರಾಂ. ಸಾರಜನಕ ಇರುತ್ತದೆ. ಚೀನಾದ 2001ರ ಮಿತಿ ಅಮೋನಿಯಾ ಸಾರಜನಕ 80, ಸಿಒಡಿ 400. ಥಾಯ್ಲೆಂಡಿನಲ್ಲಿ 500 ಕೆಜಿ ಜೀವತೂಕವನ್ನು ಒಂದು ಘಟಕವೆಂದು ಎಣಿಸಿ, 600 ಘಟಕ ಮೀರಿದ ಫಾರಂಗೆ ಬಿಒಡಿ (ಸೂಕ್ಷ್ಮಜೀವಿಗಳು ಕೊಳೆ ತಿನ್ನಲು ಬಳಸುವ ಆಮ್ಲಜನಕದ ಅಳತೆ) 60, ಸಿಒಡಿ 300. ಭಾರತದಲ್ಲಿ ಒಳನಾಡಿನ ನೀರಿಗೆ ಬಿಡುವ ತ್ಯಾಜ್ಯದ ಸಾಮಾನ್ಯ ಮಾನದಂಡ ಬಿಒಡಿ 30, ಸಿಒಡಿ 250, ಅಮೋನಿಯಾ ಸಾರಜನಕ 50. ನೀರಾವರಿಗೆ ನೆಲಕ್ಕೆ ಬಿಡುವುದಾದರೆ ಬಿಒಡಿ 100. ಇಪ್ಪತ್ತು ಪಟ್ಟು ಇಳಿಸುವ ಕೆಲಸ ಡಕ್‌ವೀಡಿನಿಂದ ಆಗದು. ಇಷ್ಟು ಅಮೋನಿಯಾದಲ್ಲಿ ಅದು ಸುಟ್ಟುಹೋಗುತ್ತದೆ, ಬದುಕಿದರೂ ವಾರವಾರ ಬಾಚಿ ಹೊರತೆಗೆಯದಿದ್ದರೆ ಹೀರಿದ್ದನ್ನೆಲ್ಲ ಕೊಳೆತು ವಾಪಸ್ ಬಿಡುತ್ತದೆ. ಹಳ್ಳಕ್ಕೆ ಬಿಡುವ ಯೋಚನೆಯನ್ನೇ ಕೈಬಿಡಿ.

ಎರಡು ಎಚ್ಚರಿಕೆ. ಅಂಕಣ ಖಾಲಿಯಾದಾಗ ಬಳಸುವ ಸೋಂಕುನಾಶಕ, ಕಾಸ್ಟಿಕ್ ಸೋಡಾ, ಕಾಲು ಅದ್ದುವ ತೊಟ್ಟಿಯ ನೀರು ಬಯೋಗ್ಯಾಸ್ ತೊಟ್ಟಿಗೆ ಹೋಗದಂತೆ ಚರಂಡಿಯಲ್ಲಿ ಗೇಟಿಟ್ಟು ಬೇರೆ ಗುಂಡಿಗೆ ತಿರುಗಿಸಿ. ಅದು ಮೀಥೇನ್ ಸೂಕ್ಷ್ಮಜೀವಿಗಳನ್ನು ಕೊಲ್ಲುತ್ತದೆ. ಎರಡನೆಯದು ಪ್ರಾಣದ ವಿಷಯ: ಕೆಸರು ತೆಗೆಯಲು ಯಾರೂ ತೊಟ್ಟಿಯೊಳಗೆ ಇಳಿಯಕೂಡದು, ಮುಚ್ಚಳ ತೆಗೆದು ದಿನಗಟ್ಟಲೆ ಬಿಟ್ಟಿದ್ದರೂ ಸರಿ. ಕೆಸರು ಕದಡಿದ ಕ್ಷಣ ಹೈಡ್ರೋಜನ್ ಸಲ್ಫೈಡ್ ಏಳುತ್ತದೆ, ಹೆಚ್ಚಾದರೆ ಮೂಗಿಗೆ ವಾಸನೆಯೂ ತಿಳಿಯುವುದಿಲ್ಲ. ಹೊರಗಿನಿಂದ ಕೆಸರಿನ ಪಂಪಿನಲ್ಲೇ ತೆಗೆಸಿ.

ನೀರಗಂಟಿ:

ಉಳಿದದ್ದು ಜಮೀನಿನ ಲೆಕ್ಕ. ಕೊಬ್ಬಿಸುವ ಹಂದಿ ದಿನಕ್ಕೆ ಸುಮಾರು 30 ಗ್ರಾಂ ಸಾರಜನಕ ಹೊರಹಾಕುತ್ತದೆ. 200ಕ್ಕೆ 6 ಕೆಜಿ, ವರ್ಷಕ್ಕೆ 2,200 ಕೆಜಿ. ಆವಿಯಾಗಿ ಹೋಗುವುದನ್ನು ಕಳೆದರೂ 1,400 ಕೆಜಿ ಉಳಿಯುತ್ತದೆ. ನೇಪಿಯರಿಗೆ ಹೆಕ್ಟೇರಿಗೆ 300 ಕೆಜಿಯಂತೆ ಕೊಟ್ಟರೆ ಸುಮಾರು 12 ಎಕರೆ ಬೇಕು. ತಿಪ್ಪೆಗುಂಡಿಯವರು ಹೇಳಿದಂತೆ ಮುಕ್ಕಾಲು ಮಲವನ್ನು ಕಾಂಪೋಸ್ಟ್ ಮಾಡಿ ಬೇರೆಯವರ ಹೊಲಕ್ಕೆ ಕಳಿಸಿದರೆ 7-8 ಎಕರೆಗೆ ಇಳಿಯುತ್ತದೆ. ನಿಮ್ಮಲ್ಲಿರುವುದು 5. ಪಕ್ಕದ ಮೂರು ಎಕರೆಯವರೊಂದಿಗೆ ಒಪ್ಪಂದ ಮಾಡಿಕೊಳ್ಳಿ, ಇಲ್ಲವೇ ಹಂದಿ 130ಕ್ಕೆ ಇಳಿಸಿ. ಮೇವಿನಲ್ಲೂ ಅವಕಾಶವಿದೆ: ಲೈಸಿನ್‌ನಂಥ ಅಮೈನೋ ಆಮ್ಲ ಸೇರಿಸಿ ಕಚ್ಚಾ ಪ್ರೋಟೀನನ್ನು ಶೇಕಡಾ 1 ಅಂಶ ಇಳಿಸಿದರೆ ಹೊರಬರುವ ಸಾರಜನಕ 8-10 ಶೇಕಡಾ ಕಡಿಮೆಯಾಗುತ್ತದೆ. ಫೈಟೇಸ್ (ಮೇವಿನ ರಂಜಕವನ್ನು ಹಂದಿಗೆ ದಕ್ಕಿಸುವ ಕಿಣ್ವ) ಬಳಸಿ ಖನಿಜ ರಂಜಕ ಕಡಿತ ಮಾಡಿದರೆ ರಂಜಕವೂ ಇಳಿಯುತ್ತದೆ.

ಒಮ್ಮೆಗೆ ಎಕರೆಗೆ 12,000 ಲೀಟರ್ ಬಗ್ಗಡ, ಅದರಲ್ಲಿ ಸುಮಾರು 12 ಕೆಜಿ ಸಾರಜನಕ. ಮೂರು-ನಾಲ್ಕು ಪಟ್ಟು ನೀರು ಬೆರೆಸಿ ಬೋದುಗಾಲುವೆಯಲ್ಲಿ ಹರಿಸಿ. ಡ್ರಿಪ್ ಕಟ್ಟಿಕೊಳ್ಳುತ್ತದೆ. ಕಟಾವಾದ ಮೇಲೊಂದು, ಇಪ್ಪತ್ತು ದಿನಕ್ಕೆ ಇನ್ನೊಂದು. ಮಳೆಯ ಮುನ್ಸೂಚನೆ ಇದ್ದ ದಿನ ಬೇಡ, ಹಳ್ಳದ ದಡದ 10-15 ಮೀಟರ್ ಪಟ್ಟಿಗೆ ಯಾವತ್ತೂ ಬೇಡ. ಅಲ್ಲಿ ಹುಲ್ಲು ಮಾತ್ರ ಇರಲಿ.

ಮಳೆಗಾಲದ ನಾಲ್ಕು ತಿಂಗಳು ಹೊಲಕ್ಕೆ ಬಿಡಲಾಗದು. 2.4 ಘನ ಮೀಟರನ್ನು 120 ದಿನಕ್ಕೆ ಗುಣಿಸಿದರೆ ಸುಮಾರು 290 ಘನ ಮೀಟರ್. ಈಗಿನ ಗುಂಡಿ ಹಿಡಿಯುವುದು 200. ತೆರೆದ 100 ಚದರ ಮೀಟರ್ ಬಾಯಿಗೆ 1 ಮೀಟರ್ ಮಳೆ ಬಿದ್ದರೆ ಇನ್ನೂ 100 ಘನ ಮೀಟರ್ ನೀರು ಸೇರುತ್ತದೆ. ಆದ್ದರಿಂದ ಗುಂಡಿಯನ್ನು ಹಿಗ್ಗಿಸಿ, ತಳಕ್ಕೆ 1 ಮಿ.ಮೀ. ಎಚ್‌ಡಿಪಿಇ ಪ್ಲಾಸ್ಟಿಕ್ ಹಾಳೆ ಹಾಸಿ, ಮೇಲೆ ಮುಚ್ಚಿಗೆ ಹಾಕಿ, ಅಂಚಿನಿಂದ ಅರ್ಧ ಮೀಟರ್ ಖಾಲಿ ಬಿಡಿ. ಸುತ್ತ ಒಡ್ಡು ಕಟ್ಟಿ ಹೊರಗಿನ ಹರಿವು ತಡೆಯಿರಿ. ಮಣ್ಣಿನ ತಳ, ಅದರಲ್ಲೂ ಬಿರುಕು ಬಂಡೆಯ ಮೇಲಿನದು, ಸದ್ದಿಲ್ಲದೆ ಬಾವಿಗೆ ಇಳಿಸುತ್ತದೆ.

ಕೆಲಸ ಶುರುವಾಗುವ ಮುನ್ನವೇ ಹತ್ತಿರದ ಬಾವಿ, ಕೊಳವೆಬಾವಿಗಳ ನೀರಿನ ನೈಟ್ರೇಟ್ ಪರೀಕ್ಷಿಸಿ ಬರೆದಿಡಿ. ಭಾರತದ ಕುಡಿಯುವ ನೀರಿನ ಮಾನದಂಡ ಲೀಟರಿಗೆ 45 ಮಿ.ಗ್ರಾಂ. ಆಮೇಲೆ ವರ್ಷಕ್ಕೆರಡು ಸಲ, ಮಳೆಗೆ ಮುಂಚೆ ಮತ್ತು ಮಳೆ ಮುಗಿದ ತಿಂಗಳ ನಂತರ, ಅದೇ ಬಾವಿಗಳಿಂದ. ಹಳ್ಳದಲ್ಲಿ ಫಾರಂಗಿಂತ ಮೇಲೊಂದು, ಕೆಳಗೊಂದು ಮಾದರಿ ಒಂದೇ ದಿನ ತೆಗೆಯಿರಿ. ಕೆಳಗಿನದರಲ್ಲಿ ಮಾತ್ರ ಅಮೋನಿಯಾ ಏರಿದ್ದರೆ ಚರಂಡಿ, ಒಡ್ಡು, ಗುಂಡಿಯ ಅಂಚನ್ನು ಆ ದಿನವೇ ನಡೆದು ನೋಡಿ. ಬಾವಿಯಲ್ಲಿ ನೈಟ್ರೇಟ್ ಮಾತ್ರ ಏರುತ್ತಿದ್ದರೆ ಹೊಲಕ್ಕೆ ಹೆಚ್ಚು ಹೋಗುತ್ತಿದೆ, ಇಲ್ಲವೇ ಹಾಳೆ ಹರಿದಿದೆ.